ದೊಡ್ಡಮಾವನ ಹರಿಯುವ ಕೇಕು

ದೊಡ್ಡಮಾವ ಕಾಫಿ ಲೋಟ ಕೆಳಗಿಟ್ಟು, ಹೊಸದಾಗಿ ಕಟ್ಟಿಸಿಕೊಂಡ ಹಲ್ಲುಗಳನ್ನು ನಾಲಿಗೆಯಿಂದ ಒಮ್ಮೆ ಸವರಿ, "ಒಂದು ಕೇಕಿದೆಯಂತೆ ಅಳಿಯಂದ್ರೇ. ಹೊರಗೆಲ್ಲ ಗಟ್ಟಿ, ಚಮಚ ಹಾಕಿದ್ರೆ ಒಳಗಿಂದ ಬಿಸಿ ಚಾಕೊಲೇಟು ಹರಿಯುತ್ತಂತೆ. ಅದೊಂದನ್ನ ತಿಂದುಬಿಟ್ರೆ ನನಗಿಲ್ಲಿ ಇನ್ನೇನು ಕೆಲಸ? ಹೊರಟುಬಿಡ್ತೀನಿ," ಎಂದರು.

ಈ ಮಾತನ್ನು ಮನೆಯಲ್ಲಿ ಇಬ್ಬರು ಕೇಳಿಸಿಕೊಂಡರು. ಹೆಂಡತಿಯ ಕಿವಿಗೆ ಬಿದ್ದದ್ದು 'ಅದೊಂದನ್ನ ತಿಂದುಬಿಟ್ರೆ' ಎಂಬುದು. ತನ್ನನ್ನು ಎತ್ತಿ ಆಡಿಸಿದ ದೊಡ್ಡಪ್ಪನ ಪುಟ್ಟ ಆಸೆ ಎಂದು ಅವಳ ಕಣ್ಣು ತುಂಬಿತು. ಗಂಡನ ಕಿವಿಗೆ ಬಿದ್ದದ್ದು 'ಹೊರಟುಬಿಡ್ತೀನಿ' ಎಂಬುದು. ಅವನ ಕಣ್ಣೂ ತುಂಬಿತು.

ಗಂಡ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಿರಾಕಿಗಳ ಮೂಗಿನ ಮೇಲೆ ಒಂದೊಂದೇ ಗಾಜು ಇಟ್ಟು "ಈಗ ಹೇಗೆ? ಈಗ?" ಎಂದು ಕೇಳುವುದು ಅವನ ಕಸುಬು. ಕಟ್ಟಡದವರಿಗೆಲ್ಲ ಅವನು ಕನ್ನಡಕದಣ್ಣ. ದೊಡ್ಡಮಾವ ಹಲ್ಲು ಕಟ್ಟಿಸಿಕೊಳ್ಳಲು ಎರಡು ದಿನದ ಮಟ್ಟಿಗೆ ಬಂದು ಮೂರು ವಾರವಾಗಿತ್ತು. ಹಲ್ಲು ಬಂದಿತ್ತು, ಕೂತಿತ್ತು, ಕಡಿಯಲೂ ಕಲಿತಿತ್ತು. ಹಲ್ಲಿನ ಜೊತೆಗೆ ದೊಡ್ಡಮಾವನೂ ಕೂತುಬಿಟ್ಟಿದ್ದರು, ಕನ್ನಡಕದಣ್ಣನ ಮಂಚದ ಮೇಲೆ.

ಹೆಂಡತಿ ಎಲ್ಲಿ ಒರಗಿದರೂ ನಿದ್ದೆ ಬರುವ ಪುಣ್ಯವಂತೆ. ನಡುಮನೆಯ ನೆಲದಲ್ಲಿ ಚಾಪೆ ಹಾಸಿ ಸುಖವಾಗಿದ್ದಳು. ಗಂಡನ ಪಾಲಿಗೆ ಬಂದದ್ದು ಸೋಫಾ. ಅದರೊಳಗಿನ ಒಂದು ಸ್ಪ್ರಿಂಗು ಸಾಲ ಕೊಟ್ಟವನಂತೆ ಯಾವ ಮಗ್ಗುಲಿಗೆ ಹೊರಳಿದರೂ ಹುಡುಕಿಕೊಂಡು ಬಂದು ಚುಚ್ಚುತ್ತಿತ್ತು. ನಿದ್ದೆ ಕೆಟ್ಟು ಕೆಟ್ಟು ಮೊನ್ನೆ ಅಂಗಡಿಯಲ್ಲಿ ಅಕ್ಷರದ ಹಲಗೆಯನ್ನೇ ತಲೆಕೆಳಗಾಗಿ ನೇತುಹಾಕಿದ್ದ. ಒಬ್ಬ ಅಜ್ಜ ಅದನ್ನು ಮೇಲಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿ, ಕಣ್ಣು ಚೆನ್ನಾಗಿದೆಯೆಂದು ಶಹಬ್ಬಾಸ್‌ಗಿರಿ ಪಡೆದು ಮನೆಗೆ ಹೋಗಿದ್ದ.

ದೊಡ್ಡಮಾವ ಹೊರಡುವ ಮಾತೆತ್ತುತ್ತಿರಲಿಲ್ಲ ಎಂದೇನಲ್ಲ. ದಿನಾ ಬೆಳಿಗ್ಗೆ "ಇನ್ನು ಹೊರಡಬೇಕು ನೋಡಿ ಅಳಿಯಂದ್ರೇ" ಎನ್ನುವರು. ಕನ್ನಡಕದಣ್ಣನ ಬಾಯಿಂದ "ಅಯ್ಯೋ, ಏನವಸರ ಮಾವ? ಇನ್ನೆರಡು ದಿನ ಇದ್ದು ಹೋದರಾಯ್ತು" ಎಂಬ ಮಾತು ಸೀನಿನಂತೆ ತಾನಾಗಿಯೇ ಹಾರಿಬೀಳುವುದು. ಅದು ಅವನ ತಾಯಿ ಹಾಲಿನ ಜೊತೆ ಕುಡಿಸಿದ ಮಾತು, ತಡೆದರೆ ತಡೆಯುವಂಥದ್ದಲ್ಲ. ಅಷ್ಟಕ್ಕೂ 'ಹೊರಡಬೇಕು' ಎಂಬುದು ಹೊರಡುವವರ ಮಾತಲ್ಲ, ಇರುವವರ ಮಾತು ಎಂದು ಅವನು ಎಂದೋ ತೀರ್ಮಾನಿಸಿದ್ದ. ಇವತ್ತಿನದು ಹಾಗಲ್ಲ. ಇವತ್ತು ಷರತ್ತಿದೆ. ಷರತ್ತು ಪೂರೈಸಿದರೆ ಮಂಚ.

"ಮೈಕ್ರೊವೇವ್‌ನಲ್ಲಿ ಮಾಡಬಹುದಂತೆ," ಎಂದಳು ಹೆಂಡತಿ, ಮೊಬೈಲಿನಿಂದ ತಲೆಯೆತ್ತದೆ. "ಚಾಕೊಲೇಟು, ಬೆಣ್ಣೆ ಕರಗಿಸಿ, ಸಕ್ಕರೆ, ಮೊಟ್ಟೆ, ಒಂದು ಚಮಚ ಮೈದಾ ಕಲಸಿ, ನಡುವೆ ಒಂದು ತುಂಡು ಚಾಕೊಲೇಟು ಹುದುಗಿಸಿ ಒಂದೇ ನಿಮಿಷ ಇಟ್ರೆ ಆಯ್ತಂತೆ."

"ನಮ್ಮ ಮನೇಲಿ ಮೈಕ್ರೊವೇವ್ ಎಲ್ಲಿದೆ?"

"ಎದುರುಮನೇಲಿದೆಯಲ್ಲ."

ರಜೆಯ ದಿನ ಸೋಫಾದ ಮೇಲಾದರೂ ಸರಿ, ಒಂದು ಗಳಿಗೆ ಕಣ್ಣು ಮುಚ್ಚಬೇಕೆಂದಿದ್ದವನು ಬಟ್ಟಲು, ಮೊಟ್ಟೆ, ಬೆಣ್ಣೆಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಎದುರಿನ ಬಾಗಿಲು ತಟ್ಟಿದ.

ಎದುರುಮನೆಯ ಟೈಲರಮ್ಮನಿಗೆ ಮೈಕ್ರೊವೇವ್ ಯಾವುದೋ ಬಟ್ಟೆ ಅಂಗಡಿಯ ಲಕ್ಕಿ ಡ್ರಾದಲ್ಲಿ ಬಂದದ್ದು. ಬಂದಂದಿನಿಂದ ಅದಕ್ಕೆ ಕರೆಂಟಿನ ರುಚಿ ತೋರಿಸಿರಲಿಲ್ಲ. ಒಳಗೆ ದಾರದ ಉಂಡೆಗಳು ಬಣ್ಣದ ಪ್ರಕಾರ ಸಾಲಾಗಿ ಕೂತಿದ್ದವು.

"ಗಾಜಿನ ಬಾಗಿಲಲ್ವಾ ಅಣ್ಣಾ, ಯಾವ ಬಣ್ಣ ಎಲ್ಲಿದೆ ಅಂತ ನಿಂತಲ್ಲಿಂದಲೇ ಕಾಣುತ್ತೆ," ಎಂದು ಟೈಲರಮ್ಮ ಮಕ್ಕಳನ್ನು ಎಬ್ಬಿಸುವಂತೆ ಒಂದೊಂದೇ ಉಂಡೆ ಎತ್ತತೊಡಗಿದಳು. "ಹಿರಿಯರ ಆಸೆ ಅಂತೀರ, ಹೇಗೆ ಇಲ್ಲ ಅನ್ನಲಿ? ಆದ್ರೆ ನನ್ನ ಕೆಲಸ ನಿಲ್ಲಲ್ಲ. ಸ್ಕೂಲಿನ ಯೂನಿಫಾರಂ ರಾಶಿ ಬಿದ್ದಿದೆ, ನಾನು ಇಸ್ತ್ರಿ ಮಾಡ್ತಾನೇ ಇರ್ತೀನಿ."

ಪ್ಲಗ್ಗು ತೂತಿಗಿಂತ ದಪ್ಪವಿತ್ತು. ಅದು ದಪ್ಪವಿದೆ ಎಂದು ಕನ್ನಡಕದಣ್ಣ ಬಾಯಿಬಿಟ್ಟು ಹೇಳುವ ಮೊದಲೇ ಮೇಲಿನ ಮನೆಯ ಲೈನ್‌ಮನ್ ತಾತ ಬಾಗಿಲಲ್ಲಿದ್ದರು. ತಾತ ನೌಕರಿಯಿಂದ ನಿವೃತ್ತರಾಗಿದ್ದರೇ ಹೊರತು ಕರೆಂಟಿನಿಂದಲ್ಲ. ಕಟ್ಟಡದಲ್ಲಿ ಎಲ್ಲಿ ಯಾರು ಪ್ಲಗ್ಗು ಮುಟ್ಟಿದರೂ ಸಕ್ಕರೆಗೆ ಇರುವೆ ಬಂದಂತೆ ಬರುವರು.

"ಸರೀರಿ ಆ ಕಡೆ," ಎಂದು ತಾತ ತಮ್ಮಷ್ಟೇ ವಯಸ್ಸಾದ ಒಂದು ಎಕ್ಸ್‌ಟೆನ್ಷನ್ ಬೋರ್ಡು ತಂದು, ಅದರ ಒಂದು ತೂತಿಗೆ ಮೈಕ್ರೊವೇವನ್ನೂ ಇನ್ನೊಂದಕ್ಕೆ ಇಸ್ತ್ರಿಪೆಟ್ಟಿಗೆಯನ್ನೂ ಸಿಕ್ಕಿಸಿದರು. "ನಾನಿದೀನಿ. ಏನೂ ಆಗಲ್ಲ."

ಕನ್ನಡಕದಣ್ಣ ಕಲಸಿದ ಹಿಟ್ಟನ್ನು ಗಾಜಿನ ಬಟ್ಟಲಿಗೆ ಸುರಿದು ಒಳಗಿಟ್ಟು ಒಂದು ನಿಮಿಷ ಎಂದ.

"ಒಂದು ನಿಮಿಷಕ್ಕೆ ಹಾಲೂ ಕಾಯಲ್ಲ!" ಎಂದರು ತಾತ. "ಎಷ್ಟು ವೋಲ್ಟೇಜ್ ಬರ್ತಿದೆ ಗೊತ್ತಾ ನಿನಗೆ? ಐದಿಡು."

ಹೊರಬಂದದ್ದನ್ನು ಕೇಕು ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ. ತಾತ ಬೆರಳಲ್ಲಿ ತಟ್ಟಿ, "ಚಪ್ಪಲಿ ಹಿಮ್ಮಡಿಗೆ ಒಳ್ಳೇ ಮಾಲು," ಎಂದು ಒಪ್ಪಿಕೊಂಡರು.

ಎರಡನೆಯದಕ್ಕೆ ಕನ್ನಡಕದಣ್ಣ ಒಂದೇ ನಿಮಿಷವಿಟ್ಟ. ಮೊಟ್ಟೆಯ ಸಿಪ್ಪೆ ಬಿಸಾಡಲು ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ಟೈಲರಮ್ಮ ಅದಕ್ಕೆ ದಬ್ಬಳ ಚುಚ್ಚಿ ನೋಡಿದ್ದಳು.

"ಒಳಗೆಲ್ಲ ಹಸಿ ಅಣ್ಣಾ! ದಬ್ಬಳಕ್ಕೆ ಮೆತ್ತಿಕೊಳ್ತು. ಮರ್ಯಾದಸ್ಥರಿಗೆ ಹಸಿ ಹಿಟ್ಟು ಕೊಡ್ತಾರಾ? ಅದಕ್ಕೇ ಇನ್ನೊಂದು ಸುತ್ತು ಬೇಯಿಸಿಬಿಟ್ಟೆ."

"ಅದು ಹಸಿ ಅಲ್ಲ ಟೈಲರಮ್ಮ, ಅದು ಹಾಗೇ ಇರಬೇಕು. ಹರೀಬೇಕು."

"ಹರಿಯೋದು ಅಂದ್ರೆ ಬೇಯದೇ ಇರೋದು ತಾನೇ? ನನ್ನ ಅಡುಗೆಗೆ ಇಷ್ಟು ವರ್ಷದಲ್ಲಿ ಯಾರೂ ಬೆರಳು ತೋರಿಸಿಲ್ಲ ಅಣ್ಣಾ, ನೀವು ಮೊದಲನೆಯವರು."

ಅವನಿಗೆ ವಾದಿಸುವ ಶಕ್ತಿಯಿರಲಿಲ್ಲ. ಅಂಗಡಿಯಲ್ಲಿ ದಿನವಿಡೀ ಜನರಿಗೆ ಕಾಣದ್ದನ್ನು ಕಾಣಿಸಲು ಹೆಣಗಿ ಬರುವವನು, ಮನೆಗೆ ಬಂದ ಮೇಲೂ ಅದೇ ಕೆಲಸವೆಂದರೆ ಹೇಗೆ? ಮತ್ತೆ ಮೊಟ್ಟೆಗೆ ಮೆಟ್ಟಿಲಿಳಿದ, ಮತ್ತೆ ಮೆಟ್ಟಿಲು ಹತ್ತಿದ. ನಡುವೆ ಎರಡು ಸಲ ಗೋಡೆಗೆ ಹಣೆಯಾನಿಸಿ ನಿಂತು ಅಲ್ಲೇ ತೂಕಡಿಸಿದ.

ಮೂರನೆಯದಕ್ಕೆ ಮೈಕ್ರೊವೇವಿಗೆ ಬೆನ್ನು ಕೊಟ್ಟು, ಗೂಡು ಕಾಯುವ ಹಕ್ಕಿಯಂತೆ ಎರಡು ಕೈಯನ್ನೂ ಅಗಲಿಸಿ ನಿಂತ. ನಿಮಿಷವಾಯಿತು. ಬಟ್ಟಲು ತೆಗೆದ. ಮೇಲೆ ನವಿರಾಗಿ ಉಬ್ಬಿ, ಅಂಚಿನಲ್ಲಿ ಗಟ್ಟಿಯಾಗಿ, ಅಲುಗಿಸಿದರೆ ನಡುವೆ ಸಣ್ಣಗೆ ನಡುಗುತ್ತಿತ್ತು. ನಂಬಿಕೆ ಬರದೆ ಚಮಚದ ತುದಿ ಇಳಿಸಿದ. ಕಪ್ಪಗೆ, ಮಿರಿಮಿರಿ ಮಿನುಗುತ್ತ ಚಾಕೊಲೇಟು ಉಕ್ಕಿತು. ಆನಂದದಲ್ಲಿ ಅದನ್ನು ಹಾಗೆಯೇ ಬಾಯಿಗಿಟ್ಟ.

ಆಮೇಲೆ ಅವನಿಂದ ಹೊರಟದ್ದು ಮಾತಲ್ಲ. ಒಲೆಯ ಕೆಂಡವನ್ನು ನಾಲಿಗೆಯ ಮೇಲೆ ಇಟ್ಟಂತಾಗಿತ್ತು. ಟೈಲರಮ್ಮ ನೀರು ಕೊಟ್ಟಳು, ತಾತ ಬೆನ್ನು ತಟ್ಟಿದರು. ನಾಲಿಗೆ ಮಾತ್ರ ಬಾಯಿಯ ತುಂಬ ದಪ್ಪಗಾಗಿ, ಬೇರೆ ಯಾರದೋ ನಾಲಿಗೆಯಂತೆ ಬಿದ್ದುಕೊಂಡಿತು.

ಬಟ್ಟಲು ಹಿಡಿದು ಮನೆಗೆ ಓಡಿದರೆ ದೊಡ್ಡಮಾವ ಸ್ನಾನಕ್ಕೆ ಹೋಗಿದ್ದರು. ದೊಡ್ಡಮಾವನ ಸ್ನಾನವೆಂದರೆ ಮಹಾಕಾವ್ಯ. ಪೀಠಿಕೆಯೇ ಅರ್ಧ ಗಂಟೆ. ಅವರು ತಲೆ ಒರೆಸಿಕೊಳ್ಳುತ್ತ ಬರುವ ಹೊತ್ತಿಗೆ ಕೇಕು ತಣ್ಣಗಾಗಿ, ಒಳಗಿನ ಹೊಳೆ ಹೆಪ್ಪುಗಟ್ಟಿತ್ತು.

"ಒಂದು ಚೂರು ಬಿಸಿ ಮಾಡಿಸ್ಕೊಂಡು ಬನ್ನಿ, ಹೋಗಿ," ಎಂದು ಹೆಂಡತಿ ಗಂಡನನ್ನು ಮತ್ತೆ ಎದುರುಮನೆಗೆ ದಬ್ಬಿದಳು.

ಟೈಲರಮ್ಮ ಬಟ್ಟಲು ನೋಡಿ ಹಣೆ ಚಚ್ಚಿಕೊಂಡಳು. "ಇದರಲ್ಲೇ ಕೊಡ್ತೀರಾ? ಹೆಂಡತಿ ಕಡೆಯ ಹಿರಿಯರಿಗೆ? ಮಗು ಔಷಧಿ ಕುಡಿಯೋ ಬಟ್ಟಲಿದ್ದಂಗಿದೆ! ತಾಳಿ." ಬೀರುವಿನಿಂದ, ಸೀರೆಗಳ ನಡುವಿನಿಂದ, ಒಂದು ಪಿಂಗಾಣಿ ಕಪ್ಪು ಹೊರತೆಗೆದಳು. ಸುತ್ತಲೂ ಅಂಚಿಗೆ ಚಿನ್ನದ ಗೆರೆ. ಯಾರೂ ಅದರಲ್ಲಿ ಇನ್ನೂ ಏನೂ ಕುಡಿದಿರಲಿಲ್ಲ. ಅದಕ್ಕೆ ತಕ್ಕ ಅತಿಥಿ ಹುಟ್ಟಿಯೇ ಇರಲಿಲ್ಲವೇನೋ.

ಕನ್ನಡಕದಣ್ಣನಿಗೆ ಅಂಗಡಿಯ ಚಿನ್ನದ ನೀರಿನ ಫ್ರೇಮುಗಳು ನೆನಪಾದವು. ಲೋಹ ಒಳಗಿಡಬಾರದು ಎಂದು ಮೊಬೈಲಿನಲ್ಲಿ ಕೇಕು ಮಾಡಿ ತೋರಿಸಿದ ಹೆಂಗಸು ಹೇಳಿದ್ದೂ ನೆನಪಾಯಿತು. "ಬ್ಯಾ… ಛಿ… ಛಿನ್ನ…" ಎಂದ. ನಾಲಿಗೆ ಅಷ್ಟಕ್ಕೇ ಕೈಕೊಟ್ಟಿತು.

"ಹೌದಣ್ಣಾ, ಚಿನ್ನದಂಥ ಕಪ್ಪು," ಎಂದು ಟೈಲರಮ್ಮ ಹೆಮ್ಮೆಯಿಂದ ಕೇಕನ್ನು ಅದಕ್ಕೆ ಇಳಿಸಿ, ಒಳಗಿಟ್ಟು, ಗುಂಡಿ ಒತ್ತಿ, ಬಿಸಿ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು.

ಗಾಜಿನ ಹಿಂದೆ ಪಟಪಟ ಕಿಡಿ ಹಾರಿತು. "ಯಾರೂ ಮುಟ್ಟಬೇಡಿ! ನಾನಿದೀನಿ!" ಎಂದು ತಾತ ಕೂಗಿದರು. ಯಾರೂ ಮುಟ್ಟಲಿಲ್ಲ, ತಾತನೂ ಮುಟ್ಟಲಿಲ್ಲ. ಕಪ್ಪು ದೀಪಾಲಂಕಾರದಂತೆ ಬೆಳಗಿತು, ಎಕ್ಸ್‌ಟೆನ್ಷನ್ ಬೋರ್ಡು ಒಮ್ಮೆ ಕೆಮ್ಮಿತು, ಗೋಡೆಯೊಳಗೆ ಹಾವು ಹರಿದಂಥ ಸದ್ದಾಗಿ ಮೂಲೆಯಿಂದ ಹೊಗೆ ಬಂತು. ಆಮೇಲೆ ಟೈಲರಮ್ಮನ ಮನೆಯಲ್ಲಿ ಎಲ್ಲವೂ ನಿಂತಿತು: ಫ್ಯಾನು, ದೀಪ, ಇಸ್ತ್ರಿ, ಮಾತು.

ಕೇಕಿಗೆ ಏನೂ ಆಗಿರಲಿಲ್ಲ. ಅಷ್ಟೇ ಅಲ್ಲ, ಹದವಾಗಿ ಬಿಸಿಯೂ ಆಗಿತ್ತು.

ದೊಡ್ಡಮಾವ ಊಟದ ಮೇಜಿನ ಮುಂದೆ ಕೂತು, ಕಪ್ಪನ್ನು ಹತ್ತಿರಕ್ಕೆಳೆದುಕೊಂಡು ಚಮಚ ಹಾಕಿದರು. ಚಾಕೊಲೇಟು ಹರಿಯಿತು. ಹೆಂಡತಿ ಚಪ್ಪಾಳೆ ತಟ್ಟಿದಳು. ದೊಡ್ಡಮಾವ ಮಾತ್ರ, ಗೆಲ್ಲುತ್ತೇನೆಂದುಕೊಂಡ ಕೇಸು ಸೋತವರಂತೆ ಆ ಹೊಳೆಯನ್ನೇ ನೋಡಿದರು. ಕೊನೆಯ ತುಣುಕಿನವರೆಗೂ ತಿಂದರು. ಆಮೇಲೆ ತಮ್ಮ ಅಭ್ಯಾಸದ ಧಾಟಿಯಲ್ಲೇ, ಅಳಿಯನ ಮುಖವನ್ನು ಒಂಥರಾ ನೋಡುತ್ತ, "ಇನ್ನು ಹೊರಡಬೇಕು ನೋಡಿ ಅಳಿಯಂದ್ರೇ," ಎಂದರು.

ಸೀನು ಬಂತು. ಗಂಟಲವರೆಗೂ ಬಂತು. "ಅ… ಹೇ…" ಎಂದಿತು ನಾಲಿಗೆ. ಅಲ್ಲಿಗೇ ಕುಸಿಯಿತು.

ದೊಡ್ಡಮಾವ ಒಂದು ಕ್ಷಣ ಕಾದರು. ಮತ್ತೊಂದು ಕ್ಷಣ ಕಾದರು. ಮುಂದೇನೂ ಬರುವುದಿಲ್ಲವೆಂದು ಖಾತ್ರಿಯಾದದ್ದೇ ತಡ, ಆ ವಯಸ್ಸಿಗೆ ತಕ್ಕದ್ದಲ್ಲದ ಚುರುಕಿನಲ್ಲಿ ಎದ್ದು ಕೋಣೆಗೆ ಹೋಗಿ, ಬ್ಯಾಗು ಹಿಡಿದು ಬಂದರು. ಬ್ಯಾಗು ತುಂಬಿಯೇ ಇತ್ತು.

ಬ್ಯಾಗು ಹೊತ್ತು ಕೆಳಗೆ ಆಟೋದವರೆಗೆ ಹೋದವನ ಭುಜದ ಮೇಲೆ ದೊಡ್ಡಮಾವ ಕೈಯಿಟ್ಟರು. "ನಿಮ್ಮ ಹತ್ರ ಯಾಕೆ ಮುಚ್ಚಿಡಲಿ? ಹಲ್ಲು ಬಂದ ದಿನವೇ ಬ್ಯಾಗು ತುಂಬಿಸಿದ್ದೆ. ದಿನಾ ಹೊರಡ್ತೀನಿ ಅಂತೀನಿ, ದಿನಾ ನೀವು 'ಏನವಸರ' ಅಂತೀರಿ. ಅಷ್ಟು ಪ್ರೀತಿಯಿಂದ ಹೇಳೋ ಅಳಿಯನ ಮಾತು ಮೀರಿ ಹೇಗೆ ಹೋಗೋದು? ಆ ನಿಮ್ಮ ಮೆತ್ತನೆ ಮಂಚದಲ್ಲಿ ಒಂದು ರಾತ್ರಿಯೂ ನಿದ್ದೆ ಬಂದಿಲ್ಲಪ್ಪ; ಸೋಫಾ ಕೇಳೋಣ ಅಂದ್ರೆ ಸಂಕೋಚ. ಕೊನೆಗೆ, ಮೈಕ್ರೊವೇವ್ ಇಲ್ಲದ ಮನೇಲಿ ಆಗದ ತಿಂಡಿ ಕೇಳೋಣ, ಆಗಲ್ಲ ಅಂದ್ರೆ ಮುನಿಸಿಕೊಂಡಾದ್ರೂ ಹೊರಡೋಣ ಅಂತ ಉಪಾಯ ಮಾಡಿದೆ. ನೀವು ಅದನ್ನೂ ಮಾಡಿಬಿಟ್ರಿ! ಸದ್ಯ, ಇವತ್ತು 'ಏನವಸರ' ಅನ್ನಲಿಲ್ಲ. ಬದುಕಿದೆ."

ಆಟೋ ಹೋಯಿತು. ಕನ್ನಡಕದಣ್ಣ ಅಲ್ಲೇ ನಿಂತು, ಮೂರು ವಾರ ತನ್ನನ್ನು ಸೋಫಾಕ್ಕೆ ಹಾಕಿದವರು ಯಾರೆಂದು ಲೆಕ್ಕ ಹಾಕಲು ನೋಡಿದ. ಉತ್ತರ ತನ್ನ ಬಾಯಲ್ಲೇ ಉರಿಯುತ್ತಿತ್ತು. ಆ ಲೆಕ್ಕವೇ ಬೇಡವೆನಿಸಿ ಮೇಲೆ ಬಂದ. ಬಾಯಿ ತುಂಬ ಐಸು ಹಾಕಿಕೊಂಡು, ಚಪ್ಪಲಿಯನ್ನೂ ಬಿಡದೆ, ತನ್ನ ಮಂಚದ ಮೇಲೆ ಮಗುಚಿಬಿದ್ದ. ಹಾಸಿಗೆ ಅವನನ್ನು ಮರೆತಿರಲಿಲ್ಲ. ಎಲ್ಲಿ ಅವನ ಸೊಂಟವಿರಬೇಕೋ ಅಲ್ಲಿ ಹಳ್ಳ ಹಾಗೆಯೇ ಇತ್ತು. ಐಸು ಕರಗಿತು, ಉರಿ ಇಳಿಯಿತು, ನಾಲಿಗೆ ಮೆಲ್ಲಗೆ ಅವನದೇ ಆಯಿತು. ಕಣ್ಣೆವೆ ಮುಚ್ಚಿಕೊಂಡಿತು.

ಬಾಗಿಲು ತಟ್ಟಿದ ಸದ್ದಾಯಿತು.

ಟೈಲರಮ್ಮ ಕಂಕುಳಲ್ಲಿ ದಿಂಬಿಟ್ಟುಕೊಂಡು ನಿಂತಿದ್ದಳು. ಹಿಂದೆ ಲೈನ್‌ಮನ್ ತಾತ ಹೊಲಿಗೆ ಯಂತ್ರವನ್ನು ಅಪ್ಪಿಕೊಂಡು ಏದುಸಿರು ಬಿಡುತ್ತಿದ್ದರು.

"ಗೋಡೆ ಒಳಗಿನ ವೈರು ಪೂರ್ತಿ ಸುಟ್ಟಿದೆ," ಎಂದರು ತಾತ. "ಬೇರೆಯವರನ್ನ ಕರೀಬೇಡಿ. ನಾನೇ ಮಾಡ್ತೀನಿ."

"ಮನೆಯೆಲ್ಲ ಹೊಗೆ ವಾಸನೆ ಅಣ್ಣಾ, ಕತ್ತಲು ಬೇರೆ," ಎಂದಳು ಟೈಲರಮ್ಮ. "ನಿಮ್ಮ ಮನೆಯವರು ಬಾ ಅಂದ್ರು. ದೊಡ್ಡ ಕಿಟಕಿ ಇರೋದು ನಿಮ್ಮ ಮಲಗೋ ಕೋಣೇಲೇ ಅಲ್ವಾ, ಮಂಚ ಒಂಚೂರು ಸರಿಸಿದ್ರೆ ಮೆಷಿನ್ನು ಹಿಡಿಯುತ್ತೆ. ಯೂನಿಫಾರಂ ಹೊಲಿದು ಕೊಟ್ಟ ತಕ್ಷಣ ಹೊರಟುಬಿಡ್ತೀನಿ. ಎರಡೇ ದಿನ."

ಕನ್ನಡಕದಣ್ಣ ಹಲ್ಲು ಕಚ್ಚಿದ. ತುಟಿ ಬಿಗಿದ. ಅಂಗೈಯನ್ನು ಬಾಯಿಗೆ ಒಯ್ಯುವಷ್ಟರಲ್ಲಿ, ಐಸಿನಿಂದ ಚೆನ್ನಾಗಿ ಸುಧಾರಿಸಿಕೊಂಡಿದ್ದ ನಾಲಿಗೆ ಒಂದಕ್ಷರವೂ ತೊದಲದೆ ನುಡಿಯಿತು:

"ಅಯ್ಯೋ, ಏನವಸರ ಟೈಲರಮ್ಮ? ನಿಧಾನವಾಗಿ ಹೋದರಾಯ್ತು."

ಟೈಲರಮ್ಮನ ಮುಖ ಅರಳಿತು. "ಹಾಗಂತೀರಾ ಅಣ್ಣಾ?" ಎಂದು ದಿಂಬನ್ನು ಮಂಚದ ಮೇಲಿಟ್ಟು ತಾತನ ಕಡೆ ತಿರುಗಿದಳು. "ಹಾಗಾದ್ರೆ ವೈರಿಂಗ್ ಏನೂ ಅರ್ಜೆಂಟಿಲ್ಲ ತಾತ. ಆ ಮೈಕ್ರೊವೇವನ್ನೂ ಇಲ್ಲಿಗೇ ತಂದುಬಿಡಿ, ನನ್ನ ದಾರ ಇಡೋಕೆ ಬೇಕು."