ತಟ್ಟಿಯ ಆಚೆಗಿನ ಕಾರ್ಯಾಲಯ

ಮನೆಯಲ್ಲಿ ಕೂತು ಕೆಲಸ ಮಾಡುವವನನ್ನು ಕೆಲಸದಲ್ಲಿರುವವನೆಂದು ಪರಿಗಣಿಸತಕ್ಕದ್ದಲ್ಲ ಎಂಬುದು ಎಪ್ಪತ್ತನಾಲ್ಕನೇ ಇಸವಿಯ ಹೊತ್ತಿಗೆ ರಾಜಾಜಿನಗರದಲ್ಲೂ ವಿಜಯನಗರದಲ್ಲೂ ಇತ್ಯರ್ಥವಾಗಿದ್ದ ವಿಷಯ. ಇದು ತಿಳಿಯದೆ ಇದ್ದವನು ಚಕ್ರಪಾಣಿ ಒಬ್ಬನೇ. ಅವನು ವಿಜಯನಗರದ ಔಟ್‌ಹೌಸೊಂದರ ಒಂಟಿ ಕೋಣೆಯಲ್ಲಿ ಕೂತು, ಪ್ರಕಾಶಕರು ಕೇಳಿದಂತೆ ಕಾದಂಬರಿಗಳಿಗೆ ಮುಖಪುಟದ ಚಿತ್ರ ಬರೆಯುತ್ತಿದ್ದ.

ರಾಜಾಜಿನಗರಕ್ಕೆ ಹೆಣ್ಣು ನೋಡಲು ಹೋದ ದಿನ ಅವನಿಗೆ ವಿಷಯ ತಿಳಿಯಿತು. ಹುಡುಗಿಯ ತಂದೆ ವೆಂಕಟಗಿರಿಯವರು ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ನಿವೃತ್ತಿಯ ಮೇಲೂ ಬೆಳಿಗ್ಗೆ ಕೋಟು ತೊಟ್ಟು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ವರಾಂಡದಲ್ಲಿ ಕೂರುವವರು.

“ಕೆಲಸ ಎಲ್ಲಿ?”

“ಮುಖಪುಟ ಬರೀತೀನಿ ಸಾರ್.”

“ಏನು ಅಂತ ಆಯ್ತು. ಎಲ್ಲಿ?”

“ಮನೇಲೇ.”

“ಮನೇಲಿರೋರು ರಜದಲ್ಲಿರ್ತಾರೆ, ಇಲ್ಲ ನನ್ ಥರ ರಿಟೈರ್ ಆಗಿರ್ತಾರೆ. ನೀವು ಎರಡರಲ್ಲಿ ಯಾವುದು?”

ಚಕ್ರಪಾಣಿ ತಾನು ತಂದಿದ್ದ ಮುಖಪುಟಗಳನ್ನು ಮುಂದಿಟ್ಟ. ಕೇಸರಿಬಾತು ಹಿಡಿದು ಬಂದ ಹುಡುಗಿ ಅಂಬುಜಾ ಅವನ್ನು ನೋಡಿ, “ನಿಮ್ಮ ನಾಯಕೀರಿಗೆಲ್ಲ ಒಂದೇ ಮೂಗು,” ಅಂದಳು. ಅಷ್ಟಕ್ಕೆ ಬಿಡದೆ ಅಪ್ಪನ ಕಿವಿಯಿಂದ ಪೆನ್ಸಿಲ್ ಎಳೆದುಕೊಂಡು ಒಂದು ಮೂಗನ್ನು ತಿದ್ದಿಯೂಬಿಟ್ಟಳು. ಮೂಗಿಗೆ ಜೀವ ಬಂತು. ಮದುವೆಯಾದರೆ ಇವಳನ್ನೇ ಎಂದು ಚಕ್ರಪಾಣಿ ಅಲ್ಲೇ ನಿಶ್ಚಯಿಸಿದ.

“ಮೊದಲು ಒಂದು ಆಫೀಸು ತೋರಿಸಿ. ಮಿಕ್ಕಿದ್ದು ಆಮೇಲೆ,” ಎಂದರು ವೆಂಕಟಗಿರಿ.

ವಾರದೊಳಗೆ ಆಫೀಸು ಅಸ್ತಿತ್ವಕ್ಕೆ ಬಂತು. ಕೋಣೆಯ ನಡುವೆ ಬಿದಿರಿನ ತಟ್ಟಿ ನಿಂತಿತು. ತಟ್ಟಿಯ ಈಚೆ ಮನೆ, ಆಚೆ ಕಾರ್ಯಾಲಯ. ಚಕ್ರಪಾಣಿ ಬೆಳಿಗ್ಗೆ ಟಿಫನ್ ಕ್ಯಾರಿಯರ್ ಹಿಡಿದು ಮನೆ ಬಿಟ್ಟು, ಬಸ್ಸು ಹತ್ತಿ, ಮುಂದಿನ ಸ್ಟಾಪಿನಲ್ಲಿಳಿದು, ನಡೆದು ವಾಪಸ್ಸು ಬಂದು ಕಾರ್ಯಾಲಯ ಸೇರತೊಡಗಿದ. ದಾರಿ ಮನೆಯೊಳಗಿಂದಲೇ ಇದ್ದರೂ ಅಲ್ಲಿ ಎಲ್ಲೂ ನಿಲ್ಲುತ್ತಿರಲಿಲ್ಲ. ಬಸ್ಸು ತಡವಾದ ದಿನ ತನಗೆ ತಾನೇ ಎಚ್ಚರಿಕೆ ಕೊಟ್ಟುಕೊಂಡ. ಅದುವರೆಗೆ ನಡುಮಧ್ಯಾಹ್ನ “ಏನಪ್ಪಾ, ಎದ್ಯಾ?” ಎಂದು ಕೇಳುತ್ತಿದ್ದ ಮನೆ ಓನರ್ ಮುನಿಲಕ್ಷ್ಮಮ್ಮ ಈಗ “ಆಫೀಸಿಗಾ ಸಾರ್?” ಎನ್ನತೊಡಗಿದರು.

ಪ್ರಕಾಶಕ ಸಿದ್ದಬಸಪ್ಪನವರು ಹಿಂದೆಲ್ಲ ನೇರವಾಗಿ ನುಗ್ಗಿ, ಬಣ್ಣ ಆರುವ ಮೊದಲೇ ಚಿತ್ರ ಎತ್ತಿಕೊಂಡು ಹೋಗುತ್ತಿದ್ದವರು. ಈಗ ತಟ್ಟಿಯ ಹಿಂದಿನಿಂದ ಚಕ್ರಪಾಣಿಯದೇ ದನಿ ಕೇಳಿಸಿತು.

“ಸಾಹೇಬ್ರು ಊಟಕ್ಕೆ ಹೋಗಿದಾರೆ.”

“ಯಾವಾಗ ಬರ್ತಾರ್ರೀ?”

“ಹೇಳಕ್ಕಾಗಲ್ಲ. ನಾಳೆ ಬನ್ನಿ.”

ಸಿದ್ದಬಸಪ್ಪ ಸಿಟ್ಟಾಗಲಿಲ್ಲ. “ಹುಡುಗ ಭಾಳ ಮ್ಯಾಲಕ್ಕ ಬಂದಾನ,” ಎಂದು ಎಲ್ಲರಿಗೂ ಹೇಳಿ, ಮರುದಿನ ಕಾಯುವುದಕ್ಕೆ ಇನ್ನಿಬ್ಬರು ಪ್ರಕಾಶಕರನ್ನೂ ಕರೆತಂದರು.

ವೆಂಕಟಗಿರಿಯವರು ತಪಾಸಣೆಗೆ ಬಂದಾಗ ಚಕ್ರಪಾಣಿ ಮೇಜಿಗೆ ಬಗ್ಗಿ ಮುಖಪುಟ ಬರೆಯುತ್ತಿದ್ದ. ಅವರ ಮುಖ ಕಪ್ಪಿಟ್ಟಿತು.

“ಏನ್ರೀ ಇದು! ಆಫೀಸ್ ಟೈಮಲ್ಲಿ ಚಿತ್ರ ಬರೀತಾ ಕೂತಿದೀರಿ?”

“ಆಫೀಸಿನ ಕೆಲಸಾನೇ ಇದು ಸಾರ್.”

“ಇದು ನಿಮ್ಮ ಕೆಲಸ. ಆಫೀಸಿನ ಕೆಲಸ ಯಾವುದು? ಅದರ ಧ್ಯೇಯ ಏನು?”

ಚಕ್ರಪಾಣಿಗೆ ತನ್ನ ತಪ್ಪಿನ ಅರಿವಾಯಿತು. ಅಂದೇ ಗೋಡೆಗೆ ಎರಡು ಪ್ರಕಟಣೆಗಳು ಏರಿದವು.

“ಈ ಕಾರ್ಯಾಲಯದ ಧ್ಯೇಯ: ಈ ಕಾರ್ಯಾಲಯವನ್ನು ನಡೆಸಿಕೊಂಡು ಹೋಗುವುದು.”

“ಕಚೇರಿ ವೇಳೆಯಲ್ಲಿ ಸಿಬ್ಬಂದಿಯು ಚಿತ್ರ ಬರೆಯತಕ್ಕದ್ದಲ್ಲ.”

ಅಕ್ಷರಗಳು ಬಹಳ ಮುದ್ದಾಗಿದ್ದವು. ವೆಂಕಟಗಿರಿಯವರು ಓದಿ ಮದುವೆಗೆ ಒಪ್ಪಿದರು. ಬುಧವಾರಕ್ಕೆ ಲಗ್ನ ಗೊತ್ತಾಯಿತು.

ಬುಧವಾರವೋ ಕೆಲಸದ ದಿನ. ಚಕ್ರಪಾಣಿ ರಜೆ ಕೋರಿ ಅರ್ಜಿ ಬರೆದು ಮೇಜಿನ ಮೇಲಿಟ್ಟು, ಮೇಜನ್ನು ಸುತ್ತಿಕೊಂಡು ಹೋಗಿ ಕುರ್ಚಿಯಲ್ಲಿ ಕೂತು ಅದನ್ನು ಓದಿದ. ಹೊಸಬರಿಗೆ ರಜೆಯಿಲ್ಲ. ಏನು ಮಾಡಲೂ ತೋರದೆ ಅರ್ಜಿಯನ್ನು ತಿರಸ್ಕರಿಸಿದ. ಆಫೀಸು ಬಿಟ್ಟ ಮೇಲೆ ರಾಜಾಜಿನಗರಕ್ಕೆ ಓಡಿದ.

“ಸ್ವಂತ ಮದುವೆಗೂ ರಜ ಸಿಗಲಿಲ್ಲ ಸಾರ್.”

ವೆಂಕಟಗಿರಿಯವರ ಕಣ್ಣು ಒದ್ದೆಯಾಯಿತು. “ಇಂಥ ಆಫೀಸು ಈ ಕಾಲದಲ್ಲಿ ಎಲ್ಲಿದೆ? ಬಿಡಬೇಡಿ. ಮದುವೆ ಏನು, ಮುಂದಿನ ವರ್ಷ ಮಾಡಿದ್ರಾಯ್ತು.”

ಬಾಗಿಲ ಮರೆಯಿಂದ ಅಂಬುಜಾ ಕೇಳಿದಳು: “ಊಟಕ್ಕಾದ್ರೂ ಬಿಡ್ತಾರೆ ತಾನೆ?”

ಪುರೋಹಿತರು ಪಂಚಾಂಗ ತೆಗೆದು, ನಡುಹಗಲಿಗೆ ಸರಿಯಾಗಿ ಅಭಿಜಿನ್ ಲಗ್ನವಿದೆಯೆಂದರು. ಮುನಿಲಕ್ಷ್ಮಮ್ಮನವರ ಅಂಗಳದಲ್ಲೇ ಚಪ್ಪರ ಎದ್ದಿತು. ಊಟದ ವಿರಾಮದಲ್ಲಿ ತಾಳಿ ಕಟ್ಟಿ, ಸಪ್ತಪದಿ ತುಳಿದು, ಎಲೆಗೆ ಹೋಳಿಗೆ ಬೀಳುವಷ್ಟರಲ್ಲಿ ವಿರಾಮ ಮುಗಿಯಿತು. ವರ ಬಾಸಿಂಗದ ಸಮೇತ ಎದ್ದು ತಟ್ಟಿಯ ಆಚೆ ಹೋದ. ನೆಂಟರು ಮೆಚ್ಚಿ ತಲೆದೂಗಿದರು.

ಆಮೇಲೆ ಕಾರ್ಯಾಲಯ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಚಕ್ರಪಾಣಿಗೆ ಸಂಜೆಯೂ ಚಿತ್ರ ಬರೆಯುವ ಪುರಸೊತ್ತಿಲ್ಲದಾಯಿತು. ತಟ್ಟಿಯ ಈಚೆ, ಅನ್ನಕ್ಕಿಟ್ಟು, ಚಾಪೆಯ ಮೇಲೆ ಕೂತು ಅಂಬುಜಾ ಮುಖಪುಟಗಳನ್ನು ಬರೆದಳು. ಕೆಳಗೆ ಚಕ್ರಪಾಣಿಯ ಹೆಸರು ಹಾಕಿದಳು. ನಾಯಕಿಯರಿಗೆ ಬೇರೆ ಬೇರೆ ಮೂಗು ಬಂದವು. “ಆಫೀಸು ಆದ ಮ್ಯಾಲೆ ಮೂಗು ಸುಧಾರಿಸ್ಯಾವ,” ಎಂದು ಸಿದ್ದಬಸಪ್ಪ ಕೊಂಡಾಡಿದರು.

ಒಂದು ದಿನ ಮುನಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ವಿಚಾರಿಸಿದರು. “ನೀನೂ ಎಲ್ಲಾದ್ರೂ ಕೆಲಸಕ್ಕೆ ಹೋಗ್ತೀಯೇನಮ್ಮಾ?”

ಕುಂಚ ತೊಳೆಯುತ್ತಿದ್ದ ಅಂಬುಜಾ ತಲೆಯೆತ್ತಿದಳು. “ಇಲ್ಲಮ್ಮಾ, ಮನೇಲೇ ಇದೀನಿ.”

“ಪುಣ್ಯವಂತೆ ಕಣೇ ನೀನು.”

“ಸದ್ದು!” ಎಂದಿತು ತಟ್ಟಿಯ ಆಚೆಯ ದನಿ. “ಇಲ್ಲಿ ಕೆಲಸ ನಡೀತಾ ಇದೆ.”

ಇಬ್ಬರೂ ದನಿ ತಗ್ಗಿಸಿದರು.