ಬೂದಿಕೋಟೆಯ ಸಮುದ್ರ

ಚಿನ್ನದ ಗಣಿಗೆ ಇಳಿಯುವ ಮನುಷ್ಯ ಏನನ್ನು ಬೇಕಾದರೂ ಜೊತೆಗೆ ಒಯ್ಯಲಿ, ಮರಳನ್ನು ಮಾತ್ರ ಒಯ್ಯಬಾರದು. ಮೀಸೆ ಚಿಗುರುವ ಮೊದಲೇ ಮೈಸೂರು ಮೈನ್ಸಿಗೆ ಸೇರಿದ ಕುಪ್ಪುಸ್ವಾಮಿಗೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲ. ಪಾಳಿಯ ಜೊತೆಗಾರನೊಬ್ಬ ಸಮುದ್ರದ ಮರಳು ತೋರಿಸು ಅಂತ ವಾರದಿಂದ ಪ್ರಾಣ ತಿನ್ನುತ್ತಿದ್ದ. ಸರಿ, ಬುತ್ತಿ ಡಬ್ಬಿಯ ಮೇಲಿನ ಬಟ್ಟಲಿಗೆ ಒಂದು ಹಿಡಿ ಹಾಕಿಕೊಂಡು ಕುಪ್ಪುಸ್ವಾಮಿ ಪಾಳಿಗೆ ಹೋದ. ಅವತ್ತೇ ಆ ಜೊತೆಗಾರನಿಗೆ ಜ್ವರ. ಇಳಿದ ಮರಳು ಹಾಗೆಯೇ ಮೇಲೆ ಬಂತು.

ಗೇಟಿನಲ್ಲಿ ಎಲ್ಲರ ಮೈ ತಡವಿ ನೋಡುವ ಕಾವಲಿನ ದೊಡ್ಡವೆಂಕಟಪ್ಪ ಡಬ್ಬಿ ತೆರೆದ. ಮರಳು ಬಿಸಿಲಿಗೆ ಮದುಮಗಳ ಮೂಗುತಿಯ ಹಾಗೆ ಮಿನುಗಿತು.

"ಏನ್ಲಾ ಇದು?"

"ಮರಳು ಸಾರ್."

"ಅದು ನಂಗೂ ಕಾಣ್ತದೆ. ಯಾವ ಸುರಂಗದ್ದು?"

"ಸಮುದ್ರದ್ದು ಸಾರ್. ಮದ್ರಾಸು."

"ಮದ್ರಾಸಿನ ಸಮುದ್ರ ಗಣಿಯೊಳಗಿಂದ ಅತ್ಕೊಂಡು ಬತ್ತದಾ? ಕುಂತ್ಕೋ ಆ ಕಡೆ. ದೊರೆ ಬರ್ಲಿ."

ಕುಪ್ಪುಸ್ವಾಮಿ ಬೆಂಚಿನ ಮೇಲೆ ಕುಳಿತ. ಕಳ್ಳತನದ ಹೆಸರು ಬಂದರೆ ಕೆಲಸ ಹೋಗುತ್ತದೆ. ನಿಜ ಹೇಳಿ ಬಚಾವಾಗೋಣವೆಂದರೆ ಮಾನ ಹೋಗುತ್ತದೆ. ಯಾಕೆಂದರೆ ಆ ಮರಳು ಸಮುದ್ರದ್ದಲ್ಲ.

ದೀಪಾವಳಿ ಬೋನಸ್ ಬಂದಾಗ ಗಣಿ ಕೆಲಸಗಾರರ ಸಾಲುಮನೆಗಳ ಅವರ ಲೈನಿನಲ್ಲಿ ಮನೆಮನೆಯಲ್ಲೂ ಸಭೆ ಕೂಡಿತ್ತು. ಕುಪ್ಪುಸ್ವಾಮಿಗೆ ಸೈಕಲ್ಲಿನ ಆಸೆ. ಹೆಂಡತಿ ಕದಿರಮ್ಮ ಮಾತ್ರ, "ನಾ ಸಮುದ್ರ ನೋಡ್ಬೇಕು. ಅದರ ಆಚೆ ದಡ ಕಾಣ್ಸಲ್ವಂತೆ," ಅಂದಳು. ಅವನು ಮಾಡಿನ ತಗಡಿನ ತೂತು ತೋರಿಸಿದ. "ಮಳೆಗಾಲ ಮುಗೀತಲ್ಲ, ತೂತು ಅದರ ಪಾಡಿಗೆ ಇರ್ಲಿ. ದಿನಾ ಕತ್ಲೇಗೆ ಇಳಿಯೋನು ನೀನು, ವರ್ಸಕ್ಕೊಂದು ದಿನ ಬೆಳಕು ನೋಡಿದ್ರೆ ಅದು ದುಂದಾ?" ಕುಪ್ಪುಸ್ವಾಮಿ ಮಂಚದ ಕೆಳಗಿನ ಟ್ರಂಕು ಎಳೆದ.

ಲೈನಿನವರೆಲ್ಲ ಪುಳಿಯೋಗರೆ ಕಟ್ಟಿ ಕೊಟ್ಟು ಕಳಿಸಿದರು. ಬಂಗಾರಪೇಟೆ ಸ್ಟೇಷನ್ನಿಗೆ ಮದ್ರಾಸಿನ ರೈಲು ಬಂದಾಗ ಅದು ಹಲಸಿನ ಹಣ್ಣಿನ ಹಾಗೆ ತುಂಬಿತ್ತು. ಕುಪ್ಪುಸ್ವಾಮಿ ಕಿಟಕಿಯಲ್ಲಿ ತುರುಕಿದ ಟ್ರಂಕನ್ನು ಒಳಗಿನವರು ಅಷ್ಟೇ ಮರ್ಯಾದೆಯಿಂದ ಹೊರಗೆ ತುರುಕಿದರು. ರೈಲು ಹೋಯಿತು. ಊರಿನವರ ಪುಳಿಯೋಗರೆ ತಿಂದ ಮೇಲೆ ಯಾವ ಮುಖ ಹೊತ್ತು ಹಿಂದಿರುಗುವುದು? ಬಸ್ಸು ಹಿಡಿದು ಬೂದಿಕೋಟೆಯ ಅತ್ತೆ ಮನೆಗೆ ಹೋದರು. ಬೇಯಿಸಿದ ಕಡಲೆಕಾಯಿ ತಿಂದುಕೊಂಡು ರಜ ಕಳೆದು, ಬರುವಾಗ ಅಲ್ಲಿನ ಹಳ್ಳದ ಮರಳು ತಂದು ಸಮುದ್ರದ್ದೆಂದು ಮನೆಮನೆಗೂ ಹಂಚಿದರು. ಜೊತೆಗೆ ಬಂದಿದ್ದ ತಮ್ಮ ಮಕ್ಕಳ ಬಾಯಿಗೆ ಪೆಪ್ಪರಮೆಂಟಿನ ಬೀಗ ಬಿತ್ತು. ಉಳಿದ ದುಡ್ಡಿನ ಧೈರ್ಯದಲ್ಲಿ ಕುಪ್ಪುಸ್ವಾಮಿ ಆಂಡರ್ಸನ್‌ಪೇಟೆಯ ಸೈಕಲ್ ಅಂಗಡಿಯ ಮುಂದೆ ದಿನಾ ಒಂದು ಗಳಿಗೆ ನಿಂತು ಬರುತ್ತಿದ್ದ.

ಗೇಟಿನ ಸುದ್ದಿ ಲೈನಿಗೆ ಮುಟ್ಟುವುದು ತಡವಾಗಲಿಲ್ಲ. ಪಕ್ಕದ ಮನೆ ಪಾಪಕ್ಕ ಕುಂಕುಮ ಹಚ್ಚಿದ ಲೋಟ ಹಿಡಿದು ಎಲ್ಲರಿಗಿಂತ ಮುಂದೆ ಬಂದಳು.

"ಇದೂ ಅದೇ ಮರಳು ಕಣಪ್ಪಾ. ನಮ್ ದೇವ್ರ ಮುಂದೆ ಮಡಗಿವ್ನಿ. ಇದನ್ನ ಕಳ್ ಮಾಲು ಅಂತೀಯಾ?"

ದೊಡ್ಡವೆಂಕಟಪ್ಪ ಲೋಟ ಇಣುಕಿ ನೋಡಿದ. "ಓ, ಲೈನಿಗೆಲ್ಲ ಸಪ್ಲೈ ಆಗೈತೆ. ನೀನೂ ಕುಂತ್ಕೋ."

ಪಾಪಕ್ಕ ಬೆಂಚಿನ ಮೇಲೆ ಕುಳಿತಳು. ಸಾಕ್ಷಿ ಹೇಳಲು ಮರಳು ತಂದಿದ್ದ ಉಳಿದವರು ಕೈಗಳನ್ನು ಸದ್ದಿಲ್ಲದೆ ಬೆನ್ನ ಹಿಂದಕ್ಕೆ ಒಯ್ದರು. ಇನ್ನು ಒಪ್ಪಿಕೊಳ್ಳುವುದೇ ವಾಸಿಯೆಂದು ಕುಪ್ಪುಸ್ವಾಮಿ ಬಾಯಿ ತೆರೆದ. ಗುಂಪಿನಲ್ಲಿದ್ದ ಕದಿರಮ್ಮ ಒಂದು ಸಲ ನೋಡಿದಳು. ಬಾಯಿ ಮುಚ್ಚಿತು.

ಆಗ ಮುಂದೆ ಬಂದವನು ಮುನಿಶಾಮಿ. ಹೋದ ವರ್ಷ ಮದ್ರಾಸಿಗೆ ಹೋಗಿ ಬಂದು, ಇವತ್ತಿನವರೆಗೂ ಸಮುದ್ರದ ವಿಷಯ ಬಿಟ್ಟು ಬೇರೆ ಮಾತಾಡದ ಆಸಾಮಿ. ಚಿಟಿಕೆ ಮರಳು ನಾಲಿಗೆಗಿಟ್ಟು ಕಣ್ಣು ಮುಚ್ಚಿದ.

"ಸಮುದ್ರವೇ ಸಾರ್. ಓದ ವರ್ಸ ನಾ ತಂದಿದ್ದೂ ಇದೇ ರುಚಿ."

ದೊಡ್ಡವೆಂಕಟಪ್ಪ ಕುಪ್ಪುಸ್ವಾಮಿಯ ಬಟ್ಟಲಿಗೇ ಬೆರಳು ಹಾಕಿ ನೆಕ್ಕಿದ. "ಉಪ್ಪೇನೋ ಅದೆ. ಸ್ವಲ್ಪ ಖಾರಾನೂ ಅದಲ್ಲ?"

ಹಿಂದಿನ ದಿನ ಆ ಬಟ್ಟಲಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಇತ್ತು.

"ಮದ್ರಾಸಲ್ವಾ ಸಾರ್," ಅಂದ ಮುನಿಶಾಮಿ, "ಬಿಸ್ಲು ಜಾಸ್ತಿ."

ಕಾವಲುಗಾರನ ಮುಖ ಸಡಿಲವಾಯಿತು. ದೊರೆಗೆ ಹೇಳುವ ಯೋಚನೆ ಬಿಟ್ಟು ಕುಪ್ಪುಸ್ವಾಮಿಯ ಪಕ್ಕದಲ್ಲೇ ಕುಳಿತ.

"ನಮ್ಮೋಳೂ ಮದ್ವೆಯಾದಾಗಿಂದ ಸಮುದ್ರ ಸಮುದ್ರ ಅಂತಾಳೆ. ದಾರಿ ಗೊತ್ತಿರೋರು ಸಿಗ್ಲಿಲ್ಲ. ಸಂಕ್ರಾಂತಿ ರಜಕ್ಕೆ ನೀವಿಬ್ರೂ ಕರ್ಕೊಂಡೋಗ್ರಿ."

"ನಾವೂ ಬತ್ತೀವಿ," ಅಂದಳು ಪಾಪಕ್ಕ ಬೆಂಚಿನಿಂದಲೇ. ಬೆನ್ನ ಹಿಂದೆ ಹೋಗಿದ್ದ ಕೈಗಳೆಲ್ಲ ಮೇಲೆದ್ದವು.

ಕುಪ್ಪುಸ್ವಾಮಿ ಜೇಬು ಮಗುಚಿ ತೋರಿಸಿದ. "ಬೋನಸ್ಸೆಲ್ಲ ಖರ್ಚಾಗೋಯ್ತಲ್ಲ ಸಾರ್."

"ಎಲ್ಲಿ ಖರ್ಚಾಯ್ತು?" ಕದಿರಮ್ಮ ಸೆರಗಿನ ಗಂಟು ಮುಟ್ಟಿ ತೋರಿಸಿದಳು. "ಐತೆ. ನಾನು ಉಳ್ಸಿವ್ನಿ."

ಗುಂಪು ಬೆರಗಾಯಿತು. "ಮದ್ರಾಸಿಗೋಗಿ ದುಡ್ಡು ಉಳಿಸ್ಕೊಂಡು ಬಂದವ್ಳೆ," ಅಂದ ದೊಡ್ಡವೆಂಕಟಪ್ಪ. "ಓದ್ರೆ ಇಂಥೋರ ಜತೇಲಿ ಓಗ್ಬೇಕು."

ಸೈಕಲ್ಲು ಅಲ್ಲೇ ಗೇಟಿನ ಮುಂದೆ ಕಣ್ಣು ಮುಚ್ಚಿತು.

ಮನೆಗೆ ಹೋಗುವಾಗ ಮುನಿಶಾಮಿ ಹತ್ತಿರ ಸರಿದು ಪಿಸುಗುಟ್ಟಿದ. "ಆ ಮಿಂಚು ನೋಡ್ದೇಟ್ಗೆ ಗೊತ್ತಾಯ್ತು ಕಣ್ಲಾ. ಇನ್ನೊಂದ್ಸಲ ತಂದ್ರೆ ಆ ಒಂಗೆ ಮರದಿಂದ ಮೇಲಕ್ಕೋಗು. ಅಲ್ಲಿ ಮರಳು ಸಣ್ಣಗಿರ್ತದೆ."

ಕುಪ್ಪುಸ್ವಾಮಿ ನಿಂತುಬಿಟ್ಟ. "ನೀನೂ ಬೂದಿಕೋಟೆನಾ?"

"ಮತ್ತೆ? ಆ ರೈಲು ಯಾರನ್ನ ಅತ್ತಿಸ್ಕೊಂತದೆ?"

"ಅಂಗಾರೆ ಸಂಕ್ರಾಂತಿಗೆ ದಾರಿ ತೋರ್ಸೋರು ಯಾರ್ಲಾ?"

"ಅದನ್ನ ನಿನ್ನ ಕೇಳಾನ ಅಂತಿದ್ದೆ."

ಮುಂದೆ ಕದಿರಮ್ಮ ಪಾಪಕ್ಕನಿಗೆ ವಿವರಿಸುತ್ತ ನಡೆದಿದ್ದಳು. "ಮೊದ್ಲು ಬಂದು ಕಾಲು ತೊಳೀತದೆ ಕಣಕ್ಕಾ. ಆಮೇಲೆ ಕಾಲ ಕೆಳಗಿನ ಮರಳು ಎಳ್ಕೊಂಡು, ನೀನೂ ಬಾ ಅಂತ ಕರೀತದೆ." ಬೂದಿಕೋಟೆಯ ಹಳ್ಳವನ್ನಷ್ಟೇ ಕಂಡ ಹೆಂಗಸು ದಡವಿಲ್ಲದ ನೀರನ್ನು ಬೀದಿಯ ಮಧ್ಯೆ ತಂದು ನಿಲ್ಲಿಸಿದ್ದಳು.

ಕೇಳಿಸಿಕೊಂಡರೆ ಸಂಕ್ರಾಂತಿಗಾದರೂ ಉಪಯೋಗಕ್ಕೆ ಬಂದೀತೆಂದು ಗಂಡಸರಿಬ್ಬರೂ ಬೇಗ ಬೇಗ ಹೆಜ್ಜೆ ಹಾಕಿದರು.