ಅಮ್ಮಂದಿರಿಗೆ ಆ ಕಡೆ ನೆರಳು: ಗೇಟಿನ ದಸೂಕಿ ಸಾಹೇಬರಿಗೊಂದು ಬಿನ್ನಹ

ಮಾನ್ಯ ದಸೂಕಿ ಸಾಹೇಬರೇ,

ನಮ್ಮ ಪಟ್ಟಣದ ಕಲಾ ಕಾಲೇಜಿನ ದೊಡ್ಡ ಗೇಟನ್ನು ಒಬ್ಬರೇ ಹೊತ್ತು ನಿಂತವರೇ, ಬೀಗದ ಕೈಗೊಂಚಲಿನ ಸುಲ್ತಾನರೇ, ಎದುರಿಗೆ ಬಂದವರು ಒಳಗೆ ಸಲ್ಲುವವರೋ ಹೊರಗೆ ನಿಲ್ಲುವವರೋ ಎಂಬುದನ್ನು ಒಂದೇ ನೋಟದಲ್ಲಿ ತೀರ್ಮಾನಿಸಿ, ಆಮೇಲೆ ಯಾರು ಏನೇ ಹೇಳಿದರೂ ಅದನ್ನು ಬದಲಿಸದ ಸ್ಥಿರಚಿತ್ತರೇ, ತಮಗೆ ಶಾಂತಿಯಿರಲಿ. ತಮ್ಮ ಎಡ ಮೊಣಕಾಲಿಗೂ, ತಮ್ಮ ಸ್ಟೂಲಿನ ಕೆಳಗೆ ಮಲಗುವ ಕಂದು ಬೆಕ್ಕಿಗೂ, ಚಮಚ ನೆಟ್ಟರೆ ನೆಟ್ಟಗೆ ನಿಲ್ಲುವಷ್ಟು ಸಕ್ಕರೆ ಸುರಿದ ತಮ್ಮ ಚಹಾದ ಗ್ಲಾಸಿಗೂ ನನ್ನ ಸಲಾಮುಗಳು ಸಲ್ಲಲಿ.

ಈ ಪತ್ರವನ್ನು ನಾನು ಖುದ್ದಾಗಿ ತಂದು ತಮ್ಮ ಕೈಗೇ ಕೊಡಬಹುದಿತ್ತು. ಆದರೆ ಕಾಗದ ಹಿಡಿದು ತಮ್ಮ ಹತ್ತಿರ ಬಂದವರ ಗತಿ ಏನಾಗುತ್ತದೆಂಬುದು ಅನುಭವದಿಂದ ತಿಳಿದಿರುವುದರಿಂದ, ಊರೆಲ್ಲ ಓದುವಂತೆ ಪತ್ರಿಕೆಯಲ್ಲಿ ಹಾಕಿಸುತ್ತಿದ್ದೇನೆ. ನಡುನಡುವೆ ಪ್ರಾಸ ನುಸುಳಿದರೆ ತಾವು ಮನ್ನಿಸಬೇಕು. ಅದು ತಂದೆಯಿಂದ ನನಗೆ ಬಂದ ಆಸ್ತಿ. ಮಿಕ್ಕಿದ್ದೆಲ್ಲ ಅಣ್ಣಂದಿರ ಪಾಲಾಗಿ ನನ್ನ ಪಾಲಿಗೆ ನಾಸ್ತಿ.

ಮೊದಲು ನನ್ನ ಪರಿಚಯ. ನಾನು ಇದೇ ಕಾಲೇಜಿನಲ್ಲಿ, ತಮಗಿಂತ ಹಿಂದೆ ಆ ಸ್ಟೂಲಿನ ಮೇಲೆ ಇನ್ನೊಬ್ಬರು ಕೂರುತ್ತಿದ್ದ ಕಾಲದಲ್ಲಿ, ಇತಿಹಾಸ ಓದುತ್ತಿದ್ದವಳು. ಕೊನೆಯ ವರ್ಷದ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ರಾಮಿ ಹುಟ್ಟಿದ. ರಾಮಿಯ ಹಿಂದೆ ಜ್ವರ ಬಂತು, ಜ್ವರದ ಹಿಂದೆ ಮನೆ ಬದಲಾಯಿತು, ಹೊಸ ಮನೆಗೆ ಅತ್ತೆಯವರು ಬಂದರು, ಬಹಳ ವರ್ಷದ ಮೇಲೆ ಮಲಕ್ ಎಂಬ ಮಗಳೂ ಬಂದಳು, ಹೀಗೆ ಒಂದು ವರ್ಷದ ಬಿಡುವೆಂದು ಹೊರಟದ್ದು ಇಪ್ಪತ್ತು ವರ್ಷದ ಬಿಡಾರವಾಯಿತು. ಅದರ ಬಗ್ಗೆ ನನಗೆ ದೂರೇನೂ ಇರಲಿಲ್ಲ. ಆದರೆ ಹಬ್ಬದ ದಿನ ಮನೆ ತುಂಬ ನೆಂಟರು ಕೂತಿದ್ದಾಗ ಮಲಕ್ ಬಿಸ್ಕತ್ತು ಕಚ್ಚುತ್ತಾ, "ನಮ್ಮಮ್ಮಂದು ಮುಕ್ಕಾಲು ಕಾಲೇಜು ಆಗಿದೆ" ಎಂದು ಬಹಳ ಹೆಮ್ಮೆಯಿಂದ ಸಾರಿದಳು. ಮುಕ್ಕಾಲು ಬೆಂದ ಅನ್ನವನ್ನು ಯಾರಾದರೂ ಅನ್ನ ಎನ್ನುತ್ತಾರೆಯೇ, ಸಾಹೇಬರೇ? ಮರುವಾರವೇ ಹೋಗಿ ಮತ್ತೆ ಹೆಸರು ಬರೆಸಿದೆ.

ಓದುವ ಅಮ್ಮನಿಗೆ ಮನೆಯವರು ಕೊಡುವ ಸಹಕಾರವನ್ನು ಎಷ್ಟು ಹೊಗಳಿದರೂ ಸಾಲದು. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುವ ನನ್ನ ಪತಿ ಹಮ್ದಿ ಮೊದಲ ದಿನವೇ ಹಸಿರು ದೀಪ ತೋರಿಸಿದರು. "ಓದು ಮಾರಾಯ್ತಿ, ನಾನ್ಯಾರು ಬೇಡ ಅನ್ನೋಕೆ? ಎಷ್ಟ್ ಬೇಕಾದ್ರೂ ಓದು. ಅಂದ ಹಾಗೆ ನನ್ ನೀಲಿ ಸಾಕ್ಸ್ ಎಲ್ಲಿ?" ಎಂದರು. ಅತ್ತೆ ತಫೀದಾ ಅವರು ತಸ್ಬೀಹಿನ ಮಣಿ ಎಣಿಸುವುದನ್ನು ನಿಲ್ಲಿಸಿ, "ಈ ವಯಸ್ಸಲ್ಲಿ ಡಿಗ್ರಿ ತಗೊಂಡು ಏನ್ಮಾಡ್ತೀಯೇ, ಬದನೆಕಾಯಿ ಒಳಗೆ ತುಂಬ್ತೀಯಾ?" ಎಂದು ವಿಚಾರಿಸಿದರು. ಮಲಕ್ ಮಾತ್ರ ನಿಜವಾದ ಚಿಂತೆಯಿಂದ, "ಅಮ್ಮಾ, ನೀನು ಫೇಲಾದ್ರೆ ಟೀಚರ್ರು ನಿನ್ನಮ್ಮನ್ನ ಕರ್ಕೊಂಡ್ ಬಾ ಅಂತಾರಾ?" ಎಂದು ಕೇಳಿದಳು.

ಹೀಗೆ ಒಲೆಯ ಮೇಲೆ ಬೇಳೆ, ಕೈಯಲ್ಲಿ ಹಾಳೆ ಹಿಡಿದು ಒಂದೊಂದೇ ವಿಷಯ ಮುಗಿಸಿ, ಕಡೆಗೆ ಹಿಂದೆ ನಮ್ಮ ನಾಡನ್ನಾಳಿದ ಮಮ್ಲೂಕ್ ಸುಲ್ತಾನರದೊಂದು ಉಳಿಯಿತು. ಆ ಮಹನೀಯರು ಒಬ್ಬರನ್ನೊಬ್ಬರು ಕೊಲ್ಲುವ ವೇಗಕ್ಕೆ ಹೆಸರು ನೆನಪಿಡುವುದು ಕಷ್ಟ. ಆದ್ದರಿಂದ ಎರಡು ಹಿಡಿಯ ಬಾಗುಗತ್ತಿಯಿಂದ ಮುಲೂಖಿಯಾ ಸೊಪ್ಪು ಹೆಚ್ಚುವಾಗ ಕತ್ತಿಯ ತಾಳಕ್ಕೆ ತಕ್ಕಂತೆ ಎಡಕ್ಕೊಬ್ಬ ಸುಲ್ತಾನ, ಬಲಕ್ಕೊಬ್ಬ ಸುಲ್ತಾನ ಎಂದು ಬಾಯಿಪಾಠ ಮಾಡಿದೆ. ಸೊಪ್ಪು ನುಣ್ಣಗಾಗುವ ಹೊತ್ತಿಗೆ ವಂಶ ಮಣ್ಣುಗೂಡಿರುತ್ತಿತ್ತು. ಒಬ್ಬ ರಾಣಿಯನ್ನು ಸ್ನಾನದ ಹಮ್ಮಾಮಿನ ಮರದ ಚಪ್ಪಲಿಗಳಿಂದ ಬಡಿದು ಕೊಂದರೆಂದು ನಾನು ಗಟ್ಟಿಯಾಗಿ ಓದಿದ ದಿನ ಅತ್ತೆಯವರು, "ಜಾಸ್ತಿ ಓದಿದ್ಲು ಅಂತ ಕಾಣತ್ತೆ" ಎಂದು ಮಣಿ ಮುಂದಕ್ಕೆ ತಳ್ಳಿದರು.

ಇಷ್ಟು ಹೇಳಿದ್ದು ಏಕೆಂದರೆ, ಜೂನ್ ತಿಂಗಳ ಆ ಬೆಳಿಗ್ಗೆ ತಮ್ಮ ಗೇಟಿಗೆ ಬಂದ ನನ್ನ ತಲೆಯಲ್ಲಿ ಸುಲ್ತಾನರ ಸಾಲೊಂದು ಬಿಟ್ಟು ಬೇರೇನೂ ಇರಲಿಲ್ಲ ಎಂಬುದು ತಮಗೆ ತಿಳಿದಿರಲಿ. ಇನ್ನೊಂದು ಸಂಗತಿಯೂ ತಿಳಿದಿರಲಿ. ಈ ಪರೀಕ್ಷೆಯನ್ನೂ ನಾನು ತಪ್ಪಿಸಿಕೊಂಡರೆ ಪಟ್ಟಿಯಿಂದ ನನ್ನ ಹೆಸರನ್ನು ಶಾಶ್ವತವಾಗಿ ಹೊಡೆದುಹಾಕುವುದೆಂದು, ಗಂಟೆ ಬಾರಿಸಿದ ಅರ್ಧ ತಾಸಿನ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲವೆಂದು ಕಚೇರಿಯವರು ಖಡಾಖಂಡಿತವಾಗಿ ಹೇಳಿದ್ದರು. ಮುಕ್ಕಾಲು ಮುಕ್ಕಾಲಾಗಿಯೇ ಉಳಿಯುವುದೋ, ಒಂದಾಗುವುದೋ ಎಂಬುದು ತಮ್ಮ ಗೇಟಿನ ಕೀಲಿಗೆ ಜೋತುಬಿದ್ದಿತ್ತು.

"ಕಾಕಾ, ನನಗೆ ಪರೀಕ್ಷೆ ಇದೆ" ಎಂದು ನಾನು ವಿನಯದಿಂದಲೇ ಹೇಳಿದೆ.

"ಯಾರಿಗಿಲ್ಲ ಹಾಜಿಯಮ್ಮಾ? ಅಗೋ ಅವರಿಗೂ ಇದೆ, ಇವರಿಗೂ ಇದೆ. ಅಮ್ಮಂದಿರಿಗೆ ಆ ಕಡೆ ನೆರಳು" ಎಂದು ತಾವು ಗೋಡೆಯ ಪಕ್ಕ ತೋರಿಸಿದಿರಿ.

ಹಜ್ ಯಾತ್ರೆಗೆ ಹೋಗಲು ಜನ ಹತ್ತಾರು ವರ್ಷ ಕೂಡಿಡುತ್ತಾರೆ. ತಾವು ಒಂದೇ ಮಾತಿನಲ್ಲಿ ನನ್ನನ್ನು ಕಳಿಸಿ, ಕರೆಸಿ, ಹಾಜಿ ಮಾಡಿದ್ದಕ್ಕೆ ಕೃತಜ್ಞತೆಗಳು. ಆದರೆ ಪ್ರಾಮಾಣಿಕವಾಗಿ ನೋಡಿದರೆ ತಮ್ಮ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಗೋಡೆಯ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಕುಡಿಯುವ ನೀರು, ಸ್ಯಾಂಡ್‌ವಿಚ್ ಚೀಲ, ಪ್ರಾರ್ಥನೆಯ ಪುಸ್ತಕಗಳೊಂದಿಗೆ ಬೀಡುಬಿಟ್ಟಿದ್ದ ಅಮ್ಮಂದಿರೆಲ್ಲ ಅದನ್ನೇ ಹೇಳುತ್ತಿದ್ದರು. "ನಮಗಿವತ್ತು ಭೂಗೋಳ" ಎಂದು ಒಬ್ಬಾಕೆ, "ಮೊನ್ನೆ ಇಂಗ್ಲಿಷಲ್ಲಿ ನಾವು ಸತ್ತೇಹೋದ್ವಿ ಕಣೇ" ಎಂದು ಇನ್ನೊಬ್ಬಾಕೆ. ಮಕ್ಕಳು ಬರೆಯುವುದನ್ನು "ನಮ್ಮ ಪರೀಕ್ಷೆ" ಎನ್ನದ ತಾಯಿ ನಮ್ಮ ಸೀಮೆಯಲ್ಲಿ ಇದ್ದಾಳೆಯೇ? ರಾಮಿಯ ಶಾಲೆಯ ಕೊನೆಯ ಪರೀಕ್ಷೆಯ ಬಿಸಿಲಿನಲ್ಲಿ ಗೇಟಿನ ಹೊರಗೆ ಕೂತು, "ಇವತ್ತು ನಮಗೆ ಗಣಿತ" ಎಂದು ಬೆವರಿದವಳು ನಾನೇ. ಅಂದು ಯಾರೂ ನನ್ನನ್ನು ಒಳಗೆ ಕರೆದು ಉತ್ತರಪತ್ರಿಕೆ ಕೊಡಲಿಲ್ಲ, ಪುಣ್ಯಕ್ಕೆ.

ಆದ್ದರಿಂದ ಮಾತು ಸಾಲದೆಂದು ನಾನು ಕಾರ್ಡು ತೋರಿಸಿದೆ. ಕಾಲೇಜಿನವರು ಖರ್ಚು ಉಳಿಸಲು ಹಳೆಯ ಫೈಲಿನಿಂದಲೇ ಕಿತ್ತು ಹೊಸ ಕಾರ್ಡಿಗೆ ಅಂಟಿಸಿದ ಫೋಟೋ ಅದರಲ್ಲಿತ್ತು. ತಾವು ಫೋಟೋ ನೋಡಿದಿರಿ, ನನ್ನನ್ನು ನೋಡಿದಿರಿ, ಮತ್ತೆ ಫೋಟೋ ನೋಡಿದಿರಿ. ತಮ್ಮ ಮುಖ ಅರಳಿತು.

"ಮಾಶಾ ಅಲ್ಲಾಹ್! ಮಗಳು ಥೇಟ್ ನಿಮ್ಮ ಹಾಗೇ! ನಿಮಗಿಂತ ಒಂಚೂರು ಲಕ್ಷಣ, ಅಷ್ಟೇ. ಕಾರ್ಡ್ ಮನೇಲೇ ಬಿಟ್ಟು ಬಂದ್ಲಾ? ಈಗಿನ ಹುಡುಗೀರ ತಲೆ ಎಲ್ಲಿರತ್ತೋ! ನೀವ್ ಕೂತ್ಕೊಳ್ಳಿ ಹಾಜಿಯಮ್ಮಾ, ನಾನೇ ಅವಳ ಕೈಗೆ ಕೊಟ್ಟು ಬರ್ತೀನಿ."

ನಾನು "ಕಾಕಾ, ಅದು—" ಎನ್ನುವಷ್ಟರಲ್ಲಿ ಕೊನೆಯ ಹುಡುಗನೂ ಒಳಗೆ ಹೋಗಿ ಗಂಟೆ ಬಾರಿಸಿತು, ಗೇಟಿಗೆ ಬೀಗ ಬಿತ್ತು, ಬೀಗದ ಕೈ ತಮ್ಮ ಜೇಬಿಗೆ ಬಿತ್ತು, ಮತ್ತು ಮೊಣಕಾಲು ನೋವಿನಿಂದಾಗಿ ಬೆಂಕಿ ಬಿದ್ದರೂ ಓಡದ ತಾವು ನನ್ನ ಕಾರ್ಡು ಹಿಡಿದು ಓಡಿದಿರಿ. ತಾವು ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಜಗಳವಾಡಿ ಒಳಗೆ ಹೋಗುತ್ತಿದ್ದೆ. ಕೆಟ್ಟವರಿಂದ ಕೈಮುಗಿದಾದರೂ ತಪ್ಪಿಸಿಕೊಳ್ಳಬಹುದು, ಒಳ್ಳೆಯವರಿಂದ ತಪ್ಪಿಸಿಕೊಳ್ಳುವುದು ಹೇಗೆ?

ಆಮೇಲೆ ತಾವು ಕೊಠಡಿಯಿಂದ ಕೊಠಡಿಗೆ, ಮೆಟ್ಟಿಲು ಹತ್ತಿ, ಮೆಟ್ಟಿಲಿಳಿದು, ಇಲ್ಲದ ನನ್ನ ಮಗಳನ್ನು, ಅಂದರೆ ನನ್ನನ್ನೇ, ಹುಡುಕಿದಿರೆಂದು ತಿಳಿಯಿತು. ಸಾಹೇಬರೇ, ಇದನ್ನು ವ್ಯಂಗ್ಯವೆಂದು ಭಾವಿಸಬಾರದು: ಈ ಇಪ್ಪತ್ತು ವರ್ಷಗಳಲ್ಲಿ ನನ್ನನ್ನು ಅಷ್ಟು ಶ್ರದ್ಧೆಯಿಂದ ಹುಡುಕಿದವರು ಬೇರೊಬ್ಬರಿಲ್ಲ. ನಮ್ಮ ಮನೆಯಲ್ಲಿ ಸಾಕ್ಸ್ ಮಾತ್ರ ಹುಡುಕುತ್ತಾರೆ.

ಹೊರಗೆ ಉಮ್ ಸಾಬಿರ್, ಅಂದರೆ ರೊಟ್ಟಿ ಭಟ್ಟಿಯವರ ಹೆಂಡತಿ, ಸಾಬಿರನ ತಾಯಿ, ನನ್ನನ್ನು ಕೈಹಿಡಿದು ಕುರ್ಚಿಯ ಮೇಲೆ ಕೂರಿಸಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟರು. "ಯಾಕಿಷ್ಟು ನಡುಗ್ತೀಯೇ ಉಮ್ ರಾಮಿ? ಮೊದಲ್ನೇ ಸಲ ನಂಗೂ ಹಿಂಗೇ ಆಗಿತ್ತು. ಕುಡಿ. ಓದೋರು ಓದ್ತಾರೆ, ಬರೆಯೋರು ಬರೀತಾರೆ, ನಾವು ಬೇಡ್ಕೊಳ್ಳೋದಷ್ಟೇ." ತಾವು ಈಗ ಬರುತ್ತೀರಿ, ಈಗ ಬರುತ್ತೀರಿ ಎಂದು ನಾನು ಗೇಟನ್ನೇ ನೋಡುತ್ತಾ, ಸುಲ್ತಾನರು ಉದುರಿಹೋಗದಂತೆ ಒಳಗೊಳಗೇ ಎಣಿಸುತ್ತಾ ಕೂತಿದ್ದಾಗ ಕಟ್ಟಡದ ಮೇಲಿನ ಧ್ವನಿವರ್ಧಕದಲ್ಲಿ ತಮ್ಮ ಕಂಠ ಮೊಳಗಿತು:

"ನಜ್ಲಾ ಫತ್ಹಿ ಅಬ್ದುಲ್ ಗನಿ! ನಜ್ಲಾ ಫತ್ಹಿ ಅಬ್ದುಲ್ ಗನಿ ಎಲ್ಲಿದ್ರೂ ಬರಬೇಕು!"

"ಅಯ್ಯೋ ಪಾಪ, ಯಾವ್ದೋ ಹುಡುಗಿ ಇನ್ನೂ ಬಂದಿಲ್ಲ" ಎಂದರು ಉಮ್ ಸಾಬಿರ್. "ಅವಳಮ್ಮ ಅನ್ನೋಳು ಏನ್ ಮಾಡ್ತಿದಾಳೋ!"

"ಮಲಗಿರ್ತಾಳೆ. ಎಬ್ಬಿಸೋರು ಬೇಡ್ವಾ?" ಎಂದೆ ನಾನು. ಎಂದು, ಲೊಚಗುಟ್ಟಿ, ಇನ್ನೊಂದು ಗುಟುಕು ಚಹಾ ಕುಡಿದೆ.

ನಗಬೇಡಿ. ಆ ಹೆಸರನ್ನಿಟ್ಟವರು ನನ್ನ ತಂದೆ. ಅವರು ತೀರಿಕೊಂಡ ಮೇಲೆ ಅದನ್ನು ಬಾಯಿತುಂಬ ಕರೆದವರಿಲ್ಲ. ಬೀದಿಯಲ್ಲಿ ನಾನು ಉಮ್ ರಾಮಿ, ತರಕಾರಿಯವನಿಗೆ ಉಮ್ ರಾಮಿ, ಗಂಡನಿಗೆ "ಏ, ಕೇಳಿಸ್ತಾ". ರಾಮಿಯ ಗೆಳೆಯರು ಅಮ್ಮನ ಹೆಸರೇನೋ ಎಂದು ಕೇಳಿದರೆ ಅವನು ಕಿವಿ ಕೆಂಪಗೆ ಮಾಡಿಕೊಂಡು ಮಾತು ಮರೆಸುತ್ತಾನೆ. ಇಲ್ಲಿಯ ಗಂಡುಮಕ್ಕಳಿಗೆ ಅದೊಂದು ಮರ್ಯಾದೆಯ ಪ್ರಶ್ನೆ. ಕಾರ್ಡಿನ ಮೇಲೆ ಕಣ್ಣಿಂದ ಓದಿದ ಹೆಸರು ಬೇರೆ, ಗಾಳಿಯಲ್ಲಿ ಕಿವಿಗೆ ಬಿದ್ದ ಹೆಸರು ಬೇರೆ.

ಎರಡನೆಯ ಬಾರಿ ತಾವು ದನಿ ಏರಿಸಿದಿರಿ: "ನಜ್ಲಾ, ಎಲ್ಲಿದ್ದೀಯಮ್ಮಾ? ಹೊತ್ತಾಯ್ತು! ನಿಮ್ಮಮ್ಮ ಕಾರ್ಡ್ ತಂದ್ಕೊಟ್ಟು ಗೇಟಲ್ಲಿ ಕೂತಿದಾಳೆ!"

ಮುಲೂಖಿಯಾಗೆ ಬೆಳ್ಳುಳ್ಳಿ ಒಗ್ಗರಣೆ ಬೀಳುವಾಗ ಅಡುಗೆಯವಳು "ಹಾ!" ಎಂದು ಎದೆಯಾಳದಿಂದ ಉಸಿರೆಳೆಯದಿದ್ದರೆ ಸಾರಿಗೆ ರುಚಿ ಹತ್ತುವುದಿಲ್ಲ ಎಂಬುದು ತಮ್ಮ ಮನೆಯವರಿಗೂ ಗೊತ್ತಿರುತ್ತದೆ. ಆ "ಹಾ!" ನನ್ನ ಬಾಯಿಂದ ಹೊರಟಿತು. ಚಹಾ ತೋಳಿನ ಮೇಲೆ ಚೆಲ್ಲಿತು.

"ಏನಾಯ್ತೇ?"

"ಅದು ನಾನು."

"ಯಾವ್ದು ನೀನು?"

"ನಜ್ಲಾ. ನಜ್ಲಾ ನಾನೇ."

ಉಮ್ ಸಾಬಿರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿನ್ ಮನೆ ಕಾಯ! ಪರೀಕ್ಷೆ ಇಟ್ಕೊಂಡು ನನ್ ಚಹಾ ಕುಡೀತಾ ಕೂತಿದ್ಯಾ?" ಎಂದು ಎದ್ದು ನಿಂತರು. ಭೂಗೋಳದಾಕೆ ಎದ್ದರು, ಇಂಗ್ಲಿಷಿನಲ್ಲಿ ಸತ್ತವರೂ ಎದ್ದರು. ಎಲ್ಲರೂ ಸೇರಿ ಗೇಟು ಅಲುಗಾಡಿಸಿದರೆ ಅದು ತಮ್ಮಷ್ಟೇ ಸ್ಥಿರಚಿತ್ತದಿಂದ ನಿಂತಿತ್ತು. ಕೂಗಿದರೆ ತಮ್ಮ ಧ್ವನಿವರ್ಧಕದ ಮುಂದೆ ಯಾರ ಕೂಗು ಕೇಳಬೇಕು? ಗೇಟು ಟೈಟು, ನಾನು ಲೇಟು, ಇನ್ನು ಸುಲ್ತಾನರಿಗೂ ನನಗೂ ಟಾಟಾ ಎಂದು ನಾನು ಕಣ್ಣೊರೆಸಿಕೊಳ್ಳುತ್ತಿರುವಾಗ ಉಮ್ ಸಾಬಿರ್ ಬಾಯಿಗೆ ಅಂಗೈ ಅಡ್ಡಹಿಡಿದು, ನಾಲಿಗೆ ಕುಣಿಸಿ, ಮದುವೆ ಮನೆಯಲ್ಲಿ ಹೆಂಗಸರು ಹಾಕುವ ಕೇಕೆ ಹಾಕಿಯೇಬಿಟ್ಟರು. ಪರೀಕ್ಷೆಯ ಹೊತ್ತಿನಲ್ಲಿ, ಕಾಲೇಜಿನ ಬಾಗಿಲಲ್ಲಿ, ಮದುವೆಯ ಕೇಕೆ! ಉಳಿದವರೂ ದನಿಗೂಡಿಸಿದರು. ಎದುರಿನ ಕ್ಷೌರದಂಗಡಿಯಿಂದ ಅರ್ಧ ಗಡ್ಡದ ಗಿರಾಕಿ ಹೊರಬಂದು ಮದುಮಗಳನ್ನು ಹುಡುಕಿದ. ತಾವು ಮೊಣಕಾಲು ಹಿಡಿದುಕೊಂಡು ಓಡೋಡಿ ಬಂದಿರಿ.

"ನಾಚಿಕೆ ಆಗಲ್ವೇನ್ರಮ್ಮಾ? ಒಳಗೆ ಮಕ್ಕಳು ಬರೀತಿದಾರೆ!" ಎಂದು ಬೈಯಲು ತಾವು ಗೇಟು ತೆರೆದಿರಿ. ಬೈಯಲು ತೆರೆದ ಬಾಗಿಲಲ್ಲಿ ಬರೆಯಲು ನುಸುಳಿದವಳು ನಾನು. ತಮ್ಮ ಕೈಯಿಂದ ಕಾರ್ಡು ಕಿತ್ತುಕೊಂಡದ್ದಕ್ಕೆ ಕ್ಷಮೆಯಿರಲಿ. "ಏ ಹಾಜಿಯಮ್ಮಾ, ಅದು ಮಗಳದು!" ಎಂದು ತಾವು ಹಿಂದೆ ಕೂಗುತ್ತಿದ್ದುದೂ, "ಅವಳಿಗೆ ಅವಳೇ ಮಗಳು ಕಣಯ್ಯಾ, ಬಿಡೋ!" ಎಂದು ಉಮ್ ಸಾಬಿರ್ ತಮ್ಮ ದಾರಿಗಡ್ಡ ನಿಂತದ್ದೂ ನನಗೆ ಮೆಟ್ಟಿಲ ತನಕ ಕೇಳಿಸಿತು. ಮೇಲ್ವಿಚಾರಕರು ಬಾಗಿಲು ಹಾಕಲು ಚಿಲಕಕ್ಕೆ ಕೈ ಇಟ್ಟಿದ್ದರು.

ಮೊನ್ನೆ ಫಲಿತಾಂಶ ಬಂತು. "ಸ್ವೀಕಾರಾರ್ಹ" ಎಂಬ ದರ್ಜೆಯಲ್ಲಿ ಪಾಸಾಗಿದ್ದೇನೆ. ಅದಕ್ಕಿಂತ ಕೆಳಗಿನ ದರ್ಜೆ ಇಲ್ಲವೆಂದು ರಾಮಿ ನಗುತ್ತಾನೆ. ಆದರೆ ನನ್ನ ಅಡುಗೆಗೆ ಅತ್ತೆಯವರು ಇಂದಿನವರೆಗೆ ಆ ದರ್ಜೆಯನ್ನೂ ಕೊಟ್ಟಿಲ್ಲವಾದ್ದರಿಂದ ನನಗೆ ಪರಮ ತೃಪ್ತಿಯಾಗಿದೆ. ಮಲಕ್ ಬೀದಿಯಲ್ಲೆಲ್ಲ "ನಮ್ಮಮ್ಮಂದು ಪೂರ್ತಿ ಆಯ್ತು" ಎಂದು ಸಾರುತ್ತಿದ್ದಾಳೆ. ಕೇಳಿದವರು ಗಾಬರಿಯಾಗಿ ಸಮಾಧಾನ ಹೇಳಲು ಮನೆಗೆ ಬರುತ್ತಿದ್ದಾರೆ.

ಈಗ ನನ್ನ ಬೇಡಿಕೆಗಳು. ತಾವು ದಯವಿಟ್ಟು ರಜೆಯ ತಿಂಗಳುಗಳಲ್ಲಿ ನಮ್ಮ ಅಡುಗೆಮನೆಯ ಬಾಗಿಲಿಗೆ ವರ್ಗವಾಗಿ ಬರಬೇಕು. ಸ್ಟೂಲು, ಸಕ್ಕರೆ, ಬೆಕ್ಕಿಗೆ ಮೀನು ನಮ್ಮದು. ಒಬ್ಬ ಹೆಂಗಸನ್ನು ಕಾಲೇಜಿನ ಹೊರಗೆ ಅಷ್ಟು ಸಮರ್ಥವಾಗಿ ನಿಲ್ಲಿಸಿದವರು ಒಂದು ಇಡೀ ಸಂಸಾರವನ್ನು ಅಡುಗೆಮನೆಯ ಹೊರಗೆ ನಿಲ್ಲಿಸಲಾರರೇ? ಎರಡನೆಯದಾಗಿ, ಕಾರ್ಡಿನ ಫೋಟೋಗಳು ಕಾರ್ಡಿನ ಒಡತಿಯೊಂದಿಗೇ ವಯಸ್ಸಾಗುವಂತೆ ಕಾಲೇಜಿನವರಿಗೆ ತಾವೇ ಶಿಫಾರಸು ಮಾಡಬೇಕು. "ಒಂಚೂರು ಲಕ್ಷಣ" ಎಂಬ ಮಾತನ್ನು ನಾನು ಮರೆತಿದ್ದೇನೆ ಎಂದು ಭಾವಿಸಬೇಡಿ.

ಕೊನೆಯದು ಮಾತ್ರ ನಿಜವಾದ ಬೇಡಿಕೆ. ಪದವಿ ಪತ್ರ ಪಡೆಯಲು ಬರುವ ದಿನ ನನ್ನ ಮನೆಯವರೆಲ್ಲ ಜೊತೆಗಿರುತ್ತಾರೆ. ಹಮ್ದಿ, ರಾಮಿ, ಮಲಕ್, ಅತ್ತೆಯವರು, ಎಲ್ಲರಿಗೂ ಆ ಕಡೆ ನೆರಳು ತೋರಿಸಿ. ಆಮೇಲೆ ಒಳಗೆ ಹೋಗಿ ಅದೇ ಧ್ವನಿವರ್ಧಕದಲ್ಲಿ ಅದೇ ಹೆಸರನ್ನು ಅದೇ ದನಿಯಲ್ಲಿ ಕೂಗಿ. ನಾನು ತಮ್ಮ ಎದುರಿಗೇ ನಿಂತಿರುತ್ತೇನೆ, ಆದರೂ ಕೂಗಿ. ಈ ಸಲ ನಾನು ಮೊದಲ ಕರೆಗೇ ಓಗೊಡುತ್ತೇನೆ.

ಗೇಟಿನ ಎರಡೂ ಬದಿಯನ್ನು ಬಲ್ಲ, ತಮ್ಮ ವಿಶ್ವಾಸಿ,
ನಜ್ಲಾ ಫತ್ಹಿ ಅಬ್ದುಲ್ ಗನಿ
(ಹಾಜಿ ಅಲ್ಲ)

ಮರೆತ ಮಾತು: ಉಮ್ ಸಾಬಿರ್ ಅವರು ಮೊದಲ ವರ್ಷಕ್ಕೇ ಕಾಲೇಜು ಬಿಟ್ಟವರಂತೆ, ಅಂದು ನಾನು ಪರೀಕ್ಷೆ ಬರೆದು ಹೊರಬಂದ ಮೇಲೆ ಹೇಳಿದರು. ಬರುವ ತಿಂಗಳು ಮತ್ತೆ ಸೇರುತ್ತಿದ್ದಾರೆ. ಆಕೆಯ ಗಂಟಲಿನ ಶಕ್ತಿ ತಮಗೆ ತಿಳಿದೇ ಇದೆ. ಹೆಸರು ನನಗೂ ತಿಳಿದಿರಲಿಲ್ಲ, ಕೇಳಿ ತಿಳಿದುಕೊಂಡೆ: ವಿದಾದ್. ಈಗಿನಿಂದಲೇ ಕರೆದು ಅಭ್ಯಾಸ ಮಾಡಿಕೊಳ್ಳಿ.